ನಿಮ್ಮ ಕಾಲದಲ್ಲೂ ಇತ್ತು, ಅತ್ತೆ

ಅತ್ತೆ,

ಚಾಚಕ್‌ನ ಆಸ್ಪತ್ರೆಗೆ ಹೊರಟಿದ್ದೇವೆ. ಇವತ್ತೇ ಔಷಧಿ ಕೊಟ್ಟು ಹೆರಿಗೆ ನೋವು ಬರಿಸುತ್ತಾರಂತೆ. ಮಗು ತೀರಾ ದಪ್ಪಗಾಗಿದೆ, ಇನ್ನೂ ಕಾದರೆ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ನಿಮ್ಮ ಮಗ ಮಿಲುಟಿನ್ ಕಾರು ತೆಗೆಯುತ್ತಿದ್ದಾನೆ. ನೀವು ಚರ್ಚಿನಿಂದ ಬಂದ ಮೇಲೆ ಬೀನ್ಸ್ ಕಾಳಿನ ಸಾರು ಬಿಸಿ ಮಾಡಿಕೊಳ್ಳಿ. ನಾಯಿಗೆ ಊಟ ಹಾಕಿದ್ದೇನೆ.

ನೀವು ನನಗೆಂದು ಇಟ್ಟ ಪ್ಲಮ್ ಮುರಬ್ಬ ಮೇಜಿನ ಮೇಲೆ ಹಾಗೇ ಇದೆ. ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನಿನ್ನೆ ಪಕ್ಕದ ಮನೆಯ ರಾದೋಯ್ಕಾ ಎದುರಿಗೆ, "ಬಸುರೀಲಿ ಸಕ್ಕರೆ ಕಾಯ್ಲೆಯಂತೆ! ನಮ್ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಇವ್ಳು ಇನ್ಸುಲಿನ್ ಚುಚ್ಕೊಂಡು ಹೊಟ್ಟೇಲಿರೋ ಕೂಸನ್ನ ಉಪವಾಸ ಕೆಡವ್ತಿದಾಳೆ" ಅಂದಿರಿ. ಈಗ ಹೇಳುತ್ತೇನೆ: ನಿಮ್ಮ ಕಾಲದಲ್ಲೂ ಇತ್ತು, ನೋಡುವವರಿರಲಿಲ್ಲ.

ಮಿಲುಟಿನ್‌ಗಿಂತ ಮುಂಚೆ ನಿಮಗೊಂದು ಹೆಣ್ಣುಮಗು ಹುಟ್ಟಿದ್ದನ್ನು ಅವನು ಹೇಳಿದ. ಎಂಥ ದುಂಡು ಕೂಸು ಎಂದು ಓಣಿಯೆಲ್ಲ ನೋಡಲು ಬಂದಿತ್ತಂತೆ. ಮರುದಿನ ಅದರ ಮೈ ತಣ್ಣಗಾಗಿ, ಕೂಸು ಉಳಿಯಲಿಲ್ಲವಂತೆ. ಜನ ನಿಮ್ಮ ಎದೆಹಾಲನ್ನೇ ದೂರಿದರಂತೆ. ಈ ಸಕ್ಕರೆ ಕಾಯಿಲೆಯೇ ಕಾರಣ ಎಂದು ನಾನು ಹೇಳಲಾರೆ. ಆದರೆ ತಾಯಿಗೆ ಅದಿದ್ದರೆ, ಹುಟ್ಟಿದೊಡನೆ ಇಂಥ ಮಕ್ಕಳ ರಕ್ತದಲ್ಲಿ ಸಕ್ಕರೆ ಸರ್ರನೆ ಇಳಿಯಬಹುದು. ನಿಮ್ಮ ಕೂಸಿನ ರಕ್ತವನ್ನು ಯಾರೂ ನೋಡಲಿಲ್ಲ. ತಪ್ಪು ನಿಮ್ಮದಲ್ಲ ಅತ್ತೆ, ಯಾರು ಏನೇ ಅನ್ನಲಿ.

ನನ್ನ ಕೂಸಿನ ಹಿಮ್ಮಡಿ ಚುಚ್ಚಿ ರಕ್ತದ ಸಕ್ಕರೆ ನೋಡುತ್ತಾರೆ, ಮತ್ತೆ ಮತ್ತೆ. ಮರೆತರೆ ನಾನು ಬಿಡುವವಳಲ್ಲ. ಕೂಸು ಹುಟ್ಟಿತೆಂದು ತಿಳಿದೊಡನೆ ಬನ್ನಿ, ಬರಿಗೈಯಲ್ಲಿ, ರಾದೋಯ್ಕಾಳನ್ನು ಬಿಟ್ಟು. ಚುಚ್ಚುವಾಗ ಕೂಸು ನಿಮ್ಮ ತೊಡೆಯ ಮೇಲಿರಲಿ. ಅದು ಕಿರುಚಲಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕಿರುಚಲಿ. ನೀವು ಮಾತ್ರ ಕೈ ಸಡಿಲಿಸಬೇಡಿ.

ತಿಯಾನಾ