ಇಳಿಸಿದ ಬಿಲ್ಲು

ಸೆಪ್ಟೆಂಬರ್ ೧೯, ಗುರುವಾರ

ಆ ಎಲ್ಕ್ ಜಿಂಕೆ ಇನ್ನೂ ಕಣ್ಣೆದುರೇ ನಿಂತಿದೆ. ಭಾವಮೈದುನ ಎವರೆಟ್ ಮರೆಯಲ್ಲಿ ಕೂತು ಹೆಣ್ಣೆಲ್ಕ್‌ನಂತೆ ಕೂಗುವ ಕೊಳವೆ ಊದಿದ್ದಕ್ಕೆ, ಕುದುರೆಯಷ್ಟೆತ್ತರದ ಆ ಗಂಡು ಪೈನ್ ಮರಗಳ ನಡುವಿನಿಂದ ಬಂದು ಪಕ್ಕೆ ತೋರಿಸಿ ನಿಂತಿತು. ನನ್ನಿಂದ ನಲವತ್ತು ಗಜ ದೂರ. ಹೋದ ವರ್ಷದ, ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲಾಗಿದ್ದರೆ ಅದರ ಗುರಿಚುಕ್ಕೆ ಕೂಡಿಸಿ ಬಾಣ ಬಿಡುವ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಕೊಂದದ್ದು ನಾನೋ ಯಂತ್ರವೋ ಎಂಬ ಸಂಶಯ ಕಾಡಿದ್ದಕ್ಕೇ ಯಂತ್ರವಿಲ್ಲದ ಈ ಮರದ ರಿಕರ್ವ್ ಬಿಲ್ಲು ಹಿಡಿದೆ. ಇದರಲ್ಲಿ ಇಪ್ಪತ್ತು ಗಜದಾಚೆ ನನ್ನ ಕೈಯನ್ನು ನಾನೇ ನಂಬುವುದಿಲ್ಲ. ಎಳೆದ ಹೆದೆಯನ್ನು ಮೆಲ್ಲಗೆ ಸಡಿಲಿಸಿದೆ.

ಗುಡ್ಡ ಇಳಿಯುವಾಗ ಎವರೆಟ್ ಸುಮ್ಮನಿರಲಿಲ್ಲ. "ಒಳ್ಳೇ ಬಿಲ್ಲು ಶೆಡ್ಡಲ್ಲಿ ಧೂಳು ತಿಂತಾ ಇದೆ, ನೀನು ಕೋಲು ಹಿಡ್ಕೊಂಡು ಆಟ ಆಡ್ತಿದೀಯ. ಚಳಿಗಾಲಕ್ಕೆ ನನ್ನ ತಂಗಿ ಏನು, ಪೈನ್ ಕಾಯಿ ಬೇಯಿಸ್ತಾಳಾ?"

"ಗಾಯ ಮಾಡಿ ಓಡಿಸೋದಕ್ಕಿಂತ ಇದು ವಾಸಿ ಕಣೋ."

"ಹಾಗಂತ ಅವಳಿಗೆ ನೀನೇ ಹೇಳು."

ಮನೆಯಲ್ಲಿ ಹೆಂಡತಿ ಕಾಲೀನ್ ಇವತ್ತೂ ಬರಿ ಬೀನ್ಸ್ ಬಡಿಸಿದಳು.

ಮರೆಯಲ್ಲಿದ್ದ ಎವರೆಟ್‌ಗೆ ಕಾಣದ್ದು ಒಂದಿದೆ. ಹೆದೆ ಸಡಿಲಿಸಿದ ಮೇಲೂ ಆ ಎಲ್ಕ್ ಹೋಗಲಿಲ್ಲ. ನನ್ನತ್ತಲೇ ನಡೆದು ಬಂತು, ಮೂಗಿನ ಹಬೆ ಕಾಣುವಷ್ಟು ಹತ್ತಿರ. ಗುರಿ ತಪ್ಪುವ ಮಾತೇ ಇರಲಿಲ್ಲ. ಆದರೂ ನಾನು ಬಿಲ್ಲೆತ್ತಲಿಲ್ಲ. ಯಾಕೆಂದು ಬೆಳಗಿನಿಂದ ಕೇಳಿಕೊಳ್ಳುತ್ತಿದ್ದೇನೆ.

ನಾಳೆ ಕತ್ತಲಿರುವಾಗಲೇ ಎವರೆಟ್ ಬಾಗಿಲು ತಟ್ಟುತ್ತಾನೆ. ಶೆಡ್ಡಿನ ಕಾಂಪೌಂಡ್ ಬಿಲ್ಲನ್ನೇ ಒಯ್ದರೂ, ಆ ಎಲ್ಕ್ ಮತ್ತೆ ಹಾಗೆ ಬಂದು ನಿಂತರೆ ಬಿಲ್ಲೆತ್ತುತ್ತೇನೆಂದು ಹೇಳಲಾರೆ.