ಎಂಟನೆಯ ಕಲೆ

ಮಾವನವರಿಗೆ ಸೊಸೆಯ ನಮಸ್ಕಾರ.

"ಕಲೆ ತೆಗೆಯೋ ಗುಟ್ಟನ್ನೆಲ್ಲ ಚಿತ್ರ ಮಾಡಿ ಮೊಬೈಲಲ್ಲಿ ಹಂಚಿದ್ರೆ ನಮ್ಮ ಲಾಂಡ್ರಿಗೆ ಯಾರಮ್ಮ ಬರ್ತಾರೆ? ಒಂದು ತಿಂಗಳು ನೋಡಿ ಅಂಗಡಿ ಬಾಗಿಲು ಹಾಕು" ಎಂದು ಚಿತ್ರ ನೋಡದೆಯೇ ಗದರಿದ್ದಿರಿ. ತಿಂಗಳು ತುಂಬಿತು.

ಆ ಚಿತ್ರದಲ್ಲಿ ಏಳು ಕಲೆಗಳಿಗೆ ಮನೆಮದ್ದು ಕೊಟ್ಟಿದ್ದೆ. ಎಂಟನೆಯ ಇಂಕಿನ ಕಲೆಯ ಪಕ್ಕ "ಮುಟ್ಟಬೇಡಿ, ನಮ್ಮಲ್ಲಿಗೆ ತನ್ನಿ" ಎಂದಷ್ಟೇ ಬರೆದೆ. ಏಳೂ ಹೋದದ್ದನ್ನು ಕಂಡವರು ಎಂಟನೆಯದನ್ನು ನಂಬಿ ತಂದರು. ಜೊತೆಗೆ ಮನೆಮಂದಿಯ ಬಟ್ಟೆಯನ್ನೂ ತಂದರು. ನಿನ್ನೆ ಒಂದೇ ದಿನ ನಲವತ್ತೊಂದು ಗಂಟು! ನಿಮ್ಮ ಹಳೆಯ ಇಸ್ತ್ರಿಪೆಟ್ಟಿಗೆ ಬೇಗ ಕಳಿಸಿಕೊಡಿ.

ಬೆಳಿಗ್ಗೆ ನೀವು "ಇಂಥದ್ದನ್ನ ನೋಡಿ ಕಲಿಯಮ್ಮ" ಎಂದು ನನಗೇ ಒಂದು ಚಿತ್ರ ಕಳಿಸಿದ್ದೀರಿ. ಕನ್ನಡಕ ಹಾಕಿಕೊಂಡು ಅದರ ಕೆಳಮೂಲೆ ಓದಿ. ಅಲ್ಲಿರುವುದು ನಮ್ಮ ಲಾಂಡ್ರಿಯ ಹೆಸರು.

ಇಂತಿ,
ಬಾಗಿಲು ಹಾಕಲು ಪುರುಸೊತ್ತಿಲ್ಲದ
ನಿಮ್ಮ ಸೊಸೆ