ವ್ಯಾನು ಹೋಗದ ಶೃಂಗೇರಿ ದಾರಿ

೧೪ ಫೆಬ್ರವರಿ ೧೯೮೪, ಮಂಗಳವಾರ. ಕೊಪ್ಪ.

ಮಗ ವಹಾಬನ ಲೈಸನ್ಸ್ ಇವತ್ತೂ ಕೋರ್ಟಿನಿಂದ ಬರಲಿಲ್ಲ. ಕಮ್ಮರಡಿ ಹತ್ತಿರ ಒಬ್ಬ ಪೊಲೀಸ್ ಮೋರಿಯ ಬಳಿ ಕರವಸ್ತ್ರ ಬೀಸಿದನಂತೆ, ಮೈಲಿಗಲ್ಲಿನ ಬಳಿ ಇನ್ನೊಬ್ಬ ಗಡಿಯಾರ ನೋಡಿ ಅತಿವೇಗ ಎಂದು ಲೈಸನ್ಸ್ ಕಿತ್ತುಕೊಂಡನಂತೆ.

"ಒಪ್ಪಿಕೊಂಡು ದಂಡ ಕಟ್ತೀನಮ್ಮಾ, ಇವತ್ತೇ ಲೈಸನ್ಸ್ ಸಿಗ್ತದೆ" ಎಂದಿದ್ದ.

"ಆ ಏರಿನಲ್ಲಿ ನಮ್ಮ ವ್ಯಾನು ಎತ್ತಿನಗಾಡಿಗೇ ದಾರಿ ಬಿಡ್ತದೆ. ಮಾಡದ ತಪ್ಪು ಒಪ್ಪಬೇಡ" ಎಂದವಳು ನಾನೇ. ವಾಯಿದೆ ಮುಂದಿನ ತಿಂಗಳಿಗೆ ಬಿತ್ತು. ಅಲ್ಲಿಯವರೆಗೆ ಅವನು ವ್ಯಾನು ಓಡಿಸುವಂತಿಲ್ಲ.

ಶೃಂಗೇರಿಯಲ್ಲಿ ಮಗಳು ಅಖ್ತರ್ ಚೊಚ್ಚಲ ಬಸುರಿ. ಹೆರಿಗೆಗೆ ಕರೆತರಲು ನಮ್ಮ ವ್ಯಾನೇ ಬರುತ್ತದೆಂದು ಬೀಗರಿಗೆ ಹೇಳಿದ್ದೆ. ಮದುವೆಯಾದ ಮೇಲೆ ಅವಳ ಜಡೆ ಹೆಣೆದಿಲ್ಲ, ಕೈ ಸುಮ್ಮನೆ ಕೂರುವುದಿಲ್ಲ.

ನಾಳೆ ಬಸ್ಸಿಗೇ ಹೋಗುತ್ತೇನೆ. ಬೀಗರು ನಗಲಿ. ಬರುವಾಗ ಅವಳನ್ನು ಭುಜಕ್ಕೆ ಒರಗಿಸಿಕೊಂಡು, ಡ್ರೈವರನಿಗೆ ನಿಧಾನ ಹೋಗಪ್ಪಾ ಎಂದು ಹೇಳಿ...